ಗೋದಾಮಿಗೆ ರೋಬೋ ತರುವ ಮೊದಲು: ಶಿರಸಿ, ಕಾರವಾರ ಕಡೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಅಡಿಕೆ ವಖಾರಿ, ಕುಮಟಾದ ಕಿರಾಣಿ ಸಗಟು ಗೋದಾಮು, ಕಾರವಾರ–ಅಂಕೋಲಾ ಕಡೆಯ ಮೀನಿನ ಕೋಲ್ಡ್ ಸ್ಟೋರೇಜ್, ಸಹಕಾರಿ ಸಂಘಗಳ ಆಫೀಸು. ಹೋದಲ್ಲೆಲ್ಲ ಯಂತ್ರದ ಮಾತು ಬಂದರೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೋದಾಮುಗಳಿಗೆ ಯಂತ್ರ ಖಂಡಿತ ಬೇಕು. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಲೆಕ್ಕ ಬರೆಯುವ ಕೆಲಸ ಯಂತ್ರಕ್ಕೆ ಹೋಗಲಿ, ಆಮೇಲೆ ಭಾರ ಎತ್ತುವುದು. ತಾನಾಗಿ ಓಡಾಡುವ ರೋಬೋದ ಸರದಿ ಕೊನೆಗೆ.

## ಮೊದಮೊದಲ ಪ್ರಶ್ನೆಗಳು

ಗೋದಾಮಿನಲ್ಲಿ ಆಟೋಮೇಶನ್ ಅಂದ್ರೆ ರೋಬೋಟೇ ಆಗಬೇಕಾ?

ಇಲ್ಲ. ಕಾಟಾದಲ್ಲಿ ತೂಗಿದ ತೂಕ ಯಾರೂ ಬರೆಯದೆ ಸೀದಾ ಕಂಪ್ಯೂಟರಿಗೆ ಹೋದರೆ ಅದೂ ಆಟೋಮೇಶನ್ನೇ. ಚೀಲವನ್ನು ಲಾರಿಯ ಎತ್ತರಕ್ಕೆ ಏರಿಸುವ ಬೆಲ್ಟ್ ಕೂಡ ಅದೇ. ರೋಬೋ ಅನ್ನುವುದು ಈ ಸಾಲಿನ ತುದಿಯಲ್ಲಿದೆ. ಸುತ್ತಮುತ್ತ ನೋಡಿ, ಎಲ್ಲಿಗೆ ಹೋಗಬೇಕು, ಏನು ಎತ್ತಬೇಕು ಅಂತ ಒಂದಷ್ಟು ತಾನೇ ತೀರ್ಮಾನ ಮಾಡುವ ಯಂತ್ರ ಅದು. ಈ ಸಾಲಿನ ಮೊದಲ ಮೂರು ನಾಲ್ಕು ಮೆಟ್ಟಿಲಲ್ಲೇ ನಮ್ಮ ಕಡೆಯ ಹೆಚ್ಚಿನ ಗೋದಾಮುಗಳ ಕಷ್ಟ ಮುಕ್ಕಾಲು ಪಾಲು ಇಳಿಯುತ್ತದೆ.

ಎಜಿವಿ, ಎಎಂಆರ್ ಅಂತಾರಲ್ಲ, ಎರಡಕ್ಕೂ ಎಂತ ವ್ಯತ್ಯಾಸ?

ಎರಡೂ ಡ್ರೈವರ್ ಇಲ್ಲದ ಗಾಡಿಗಳು. ಎಜಿವಿ ಗೊತ್ತುಮಾಡಿದ ದಾರಿಯಲ್ಲೇ ಹೋಗುತ್ತದೆ. ನೆಲದ ಮೇಲೆ ಅಂಟಿಸಿದ ಮ್ಯಾಗ್ನೆಟ್ ಪಟ್ಟಿಯೋ ಕ್ಯೂಆರ್ ಚೀಟಿಯೋ ಅದಕ್ಕೆ ದಾರಿ ತೋರಿಸುತ್ತದೆ. ದಾರಿಯಲ್ಲಿ ಚೀಲ ಬಿದ್ದಿದ್ದರೆ ನಿಂತುಬಿಡುತ್ತದೆ. ಎಎಂಆರ್‌ಗೆ ಪಟ್ಟಿ ಬೇಡ. ಲೇಸರ್ ಸೆನ್ಸರಿನಿಂದ ಗೋಡೆ, ಕಂಬಗಳನ್ನು ಅಳೆದು ಜಾಗದ ನಕ್ಷೆ ಮಾಡಿಕೊಳ್ಳುತ್ತದೆ, ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುತ್ತದೆ.

ಹಾಗಾದರೆ ಎಎಂಆರ್ ಒಳ್ಳೆಯದು ಅಲ್ವಾ ಅಂತ ಕೇಳುತ್ತಾರೆ. ಯಾವಾಗಲೂ ಅಲ್ಲ. ಅಡಿಕೆ ವಖಾರಿಯ ಒಳಗೆ ಥಪ್ಪಿಗಳು, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲದ ಸಾಲುಗಳು, ದಿನಾ ಏಳುತ್ತವೆ, ದಿನಾ ಕರಗುತ್ತವೆ. ನಿನ್ನೆ ಗೋಡೆಯ ಹಾಗೆ ನಿಂತಿದ್ದ ಚೀಲದ ಸಾಲು ಇವತ್ತು ಲಾರಿ ಹತ್ತಿರುತ್ತದೆ. ನಕ್ಷೆ ನಂಬಿ ಓಡಾಡುವ ಯಂತ್ರಕ್ಕೆ ಅಂಥ ಕಡೆ ಗೊಂದಲ ಆಗಬಹುದು. ಒಂದೇ ದಾರಿಯಲ್ಲಿ ಹೋಗಿಬರುವ ಕೆಲಸವಾದರೆ ಎಜಿವಿಯೇ ಸಾಕು.

ಅಮೆಜಾನ್ ವೀಡಿಯೋದಲ್ಲಿ ಕಪಾಟೇ ನಡ್ಕೊಂಡು ಬರ್ತದಲ್ಲ, ಅದು ನಮ್ಮ ವಖಾರಿಗೆ ಆಗ್ತದಾ?

ಆ ಯಂತ್ರ ಮೊದಲು ಮಾಡಿದ್ದು ಕೀವಾ ಅನ್ನುವ ಅಮೆರಿಕದ ಕಂಪನಿ. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಲ್ಲಿಯ ತೊಂದರೆಯೇ ಬೇರೆ. ಲಕ್ಷಗಟ್ಟಲೆ ಬಗೆಯ ಸಣ್ಣ ಸಾಮಾನು, ಒಬ್ಬ ಗಿರಾಕಿಗೆ ಒಂದು ಪುಸ್ತಕ, ಇನ್ನೊಬ್ಬರಿಗೆ ಒಂದು ಚಾರ್ಜರು. ಹುಡುಕಿ ತರುವವರ ಹೊತ್ತು ನಡಿಗೆಯಲ್ಲೇ ಹೋಗುತ್ತಿತ್ತು. ಹಾಗಾಗಿ ಜನ ನಿಂತಲ್ಲಿಗೇ ಕಪಾಟು ಬರುವಂತೆ ಮಾಡಿದರು.

ನಮ್ಮ ವಖಾರಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಬೆರಳೆಣಿಕೆಯ ಬಗೆ. ಒಂದೊಂದೂ ನೂರಾರು ಚೀಲ. ಹುಡುಕಾಟ ಕಮ್ಮಿ, ಹೊರೆ ಜಾಸ್ತಿ. ಅವರ ಔಷಧ ನಮ್ಮ ಕಾಯಿಲೆಗೆ ಅಲ್ಲ. ಆದರೆ ಊರಿನ ಔಷಧ ಸಗಟು ಅಂಗಡಿಯವರು, ಗಾಡಿಯ ಬಿಡಿಭಾಗ ಮಾರುವವರು ಕೇಳಿದರೆ ಉತ್ತರ ಸ್ವಲ್ಪ ಬದಲಾಗುತ್ತದೆ. ಅವರದ್ದು ಸಾವಿರಾರು ಬಗೆಯ ಸಣ್ಣ ಸಾಮಾನು. ಅವರಿಗೂ ರೋಬೋಗಿಂತ ಮೊದಲು ಬೇಕಾಗಿರುವುದು ಕಪಾಟಿಗೆ ನಂಬರು, ಜಾಸ್ತಿ ಓಡುವ ಮಾಲು ಬಾಗಿಲ ಹತ್ತಿರ.

ಇದೆಲ್ಲ ಹೊರದೇಶದ್ದೇನಾ? ಕೆಟ್ಟರೆ ಚೀನಾದಿಂದ ಜನ ಬರಬೇಕಾ?

ಹಾಗೇನಿಲ್ಲ. ಗೋದಾಮಿನ ರೋಬೋ ಮಾಡುವ ಗ್ರೇಆರೇಂಜ್ ಕಂಪನಿ ಶುರುವಾದದ್ದು ನಮ್ಮ ದೇಶದಲ್ಲೇ. ಅಂಥದ್ದೇ ಇನ್ನೊಂದು ಕಂಪನಿ, ನೋಯ್ಡಾದ ಆಡ್‌ವರ್ಬ್, 2016ರಲ್ಲಿ ಹುಟ್ಟಿತು, 2022ರಲ್ಲಿ ರಿಲಯನ್ಸ್ ಅದರಲ್ಲಿ ದೊಡ್ಡ ಪಾಲು ಕೊಂಡಿತು. ಫ್ಲಿಪ್‌ಕಾರ್ಟ್ 2019ರಲ್ಲೇ ಬೆಂಗಳೂರಿನಲ್ಲಿ ಪಾರ್ಸೆಲ್ ವಿಂಗಡಿಸಲು ನೂರಕ್ಕೂ ಹೆಚ್ಚು ಪುಟ್ಟ ರೋಬೋ ಗಾಡಿಗಳನ್ನು ಇಳಿಸಿತು. ಬೆಲ್ಟ್, ಚೀಲ ಏರಿಸುವ ಯಂತ್ರದಂಥವು ನಮ್ಮ ದೇಶದ ಸಣ್ಣ ವರ್ಕ್‌ಶಾಪುಗಳಲ್ಲೂ ತಯಾರಾಗುತ್ತವೆ. ಬ್ರ್ಯಾಂಡ್ ಎಲ್ಲಿಯದು ಅನ್ನುವುದಕ್ಕಿಂತ ರಿಪೇರಿಯವರು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾರೆ ಅನ್ನುವುದು ನಮಗೆ ಮುಖ್ಯ.

## ದುಡ್ಡು, ಲೆಕ್ಕ

ಕೈಯಲ್ಲಿ ಸ್ವಲ್ಪ ದುಡ್ಡಿದೆ. ಮೊದಲು ಎಂತ ತಗೊಳ್ಳೋದು?

ಏನನ್ನೂ ತಗೊಳ್ಳುವ ಮೊದಲು ಸುಗ್ಗಿಯ ಒಂದು ವಾರ ಗೋದಾಮಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಲ್ಲಿ. ಒಂದೇ ಒಂದು ವಿಷಯ ಬರೆದುಕೊಳ್ಳಿ: ಒಂದು ಚೀಲ ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ಎಷ್ಟು ಸಲ ಎತ್ತಿ ಇಳಿಸುತ್ತಾರೆ? ಗಾಡಿಯಿಂದ ಇಳಿಸುವುದು, ಕಾಟಾಕ್ಕೆ ಇಡುವುದು, ವಿಂಗಡಿಸಲು ಸುರಿಯುವುದು, ಮತ್ತೆ ತುಂಬಿ ಹೊಲಿದು ಥಪ್ಪಿಗೆ ಹಚ್ಚುವುದು, ಥಪ್ಪಿಯಿಂದ ತೆಗೆದು ಲಾರಿಗೆ ಏರಿಸುವುದು. ನಡುವೆ ಜಾಗ ಸಾಲದೆ ಇಲ್ಲಿಂದ ಅಲ್ಲಿಗೆ ಸರಿಸಿದ್ದು ಬೇರೆ. ಹೀಗೆ ಸುಮ್ನೆ ಸರಿಸಿದ ಎತ್ತುವಿಕೆಗಳನ್ನು ಯಂತ್ರವೇ ಇಲ್ಲದೆ ತೆಗೆಯಬಹುದು. ಜಾಗ ಗುರುತು ಮಾಡಿ, ಯಾವ ಮಾಲು ಎಲ್ಲಿ ಅಂತ ಗೊತ್ತುಮಾಡಿದರೆ ಸಾಕು.

ಉಳಿದದ್ದಕ್ಕೆ ನಾನು ಹೇಳುವ ಸಾಲು ಇದು. ಮೊದಲು ಕಾಟಾವನ್ನು ಕಂಪ್ಯೂಟರಿಗೆ ಜೋಡಿಸಿ. ತೂಕ ತಾನಾಗಿ ದಾಖಲಾಗಲಿ, ಬೆಳೆಗಾರರ ಕೈಗೆ ಅಲ್ಲೇ ಚೀಟಿ ಸಿಗಲಿ. ಜೋಡಿಸುವಾಗ ಕಾಟಾದ ಸರಕಾರಿ ಮುದ್ರೆ ಮುರಿಯಬಾರದು, ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ ತಪ್ಪಬಾರದು. ಆಮೇಲೆ ಪ್ರತಿ ಲಾಟಿಗೆ ಒಂದು ಗುರುತುಚೀಟಿ. ಟೆಂಡರಿಗೆ ಇಟ್ಟ ಒಬ್ಬರ ಅಡಿಕೆ ಇನ್ನೊಬ್ಬರದ್ದಕ್ಕೆ ಸೇರಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ, ವರ್ಷಗಳ ನಂಬಿಕೆ. ಮೂರನೆಯದು ಭಾರ: ಕೈಯಿಂದ ದೂಡುವ ಪ್ಯಾಲೆಟ್ ಟ್ರಾಲಿ, ಚೀಲ ಏರಿಸುವ ಬೆಲ್ಟ್, ಬೇಕಾದರೆ ಮಾಲನ್ನು ಎತ್ತರಕ್ಕೆ ಎತ್ತಿ ಇಡುವ ಬ್ಯಾಟರಿಯ ಗಾಡಿ, ಅಂದರೆ ಸ್ಟ್ಯಾಕರ್. ಇಷ್ಟಾದ ಮೇಲೂ ಒಂದೇ ದಾರಿಯಲ್ಲಿ ದಿನವಿಡೀ ಮಾಲು ಹೋಗಿಬರುತ್ತಿದೆ ಅಂತಾದರೆ ಆಗ ರೋಬೋ ಬಗ್ಗೆ ಕೂತು ಮಾತಾಡೋಣ.

ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರ್ತದೆ?

ಯಂತ್ರ ವರ್ಷದಲ್ಲಿ ಎಷ್ಟು ದಿನ ಓಡುತ್ತದೆ ಅನ್ನುವುದರ ಮೇಲೆ. ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ ಮಾಡೋಣ. ಅಂಕಿಗಳು ಬರೀ ಉದಾಹರಣೆಗೆ, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಚೀಲ ಏರಿಸುವ ಬೆಲ್ಟಿಗೆ ₹6 ಲಕ್ಷ ಅಂದುಕೊಳ್ಳಿ. ದಿನಕ್ಕೆ ಎರಡು ಲಾರಿ ತುಂಬುತ್ತೀರಿ. ಒಂದೊಂದು ಲಾರಿ ಒಂದು ತಾಸು ಬೇಗ ಹೊರಡುತ್ತದೆ. ಲಾರಿ ಕಾಯುವ ಖರ್ಚು, ರಾತ್ರಿಯ ಹೆಚ್ಚುವರಿ ಕೂಲಿ ಸೇರಿ ಆ ಒಂದು ತಾಸಿಗೆ ₹600. ವರ್ಷದಲ್ಲಿ 150 ದಿನ ಕೆಲಸ ಇದ್ದರೆ ಉಳಿಯುವುದು ₹1,80,000. ಕರೆಂಟು, ರಿಪೇರಿಗೆ ₹50,000 ಕಳೆದರೆ ₹1,30,000. ಬಡ್ಡಿ ಬಿಟ್ಟೇ ನಾಲ್ಕೂವರೆ ವರ್ಷ ದಾಟುತ್ತದೆ. ಅದೇ ಬೆಲ್ಟ್ 300 ದಿನ ಓಡಿದರೆ? ಖರ್ಚು ಕಳೆದು ₹3,10,000. ಎರಡು ವರ್ಷದೊಳಗೆ ದುಡ್ಡು ವಾಪಸ್.

ಬೆಂಗಳೂರು, ಮುಂಬೈ ಲೆಕ್ಕ ಇಲ್ಲಿಗೆ ಹೊಂದದೇ ಇರುವುದು ಇದಕ್ಕೇ. ಅಲ್ಲಿ ಗೋದಾಮು ಹಗಲು ರಾತ್ರಿ, ವರ್ಷವಿಡೀ ಓಡುತ್ತದೆ. ನಮ್ಮದು ಸುಗ್ಗಿಯ ವ್ಯಾಪಾರ. ಹಾಗಾಗಿ ನಾನು ಯಾವಾಗಲೂ ಹೇಳುವುದು: ಸುಗ್ಗಿ ಮುಗಿದ ಮೇಲೆ ಅದೇ ಯಂತ್ರ ಗೊಬ್ಬರದ ಚೀಲಕ್ಕೆ, ಪಶು ಆಹಾರಕ್ಕೆ, ಅಕ್ಕಿಗೆ ಆಗುತ್ತದಾ ನೋಡಿ. ಚಕ್ರ ಇರುವ, ಬೇರೆ ಕಡೆ ಎಳೆದುಕೊಂಡು ಹೋಗಬಹುದಾದ ಬೆಲ್ಟ್ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಕ್ಕಿಂತ ನಮ್ಮ ಕಡೆ ಹೆಚ್ಚು ದುಡಿಯುತ್ತದೆ.

ಸರಕಾರದಿಂದ ಎಂತಾದ್ರೂ ಸಿಗ್ತದಾ?

ಕೃಷಿ ಮೂಲಸೌಕರ್ಯ ನಿಧಿ ಅಂತ 2020ರಲ್ಲಿ ಶುರುವಾದ ಕೇಂದ್ರದ ಯೋಜನೆ ಇದೆ. ಒಟ್ಟು ₹1 ಲಕ್ಷ ಕೋಟಿಯದು. ಗೋದಾಮು, ವಿಂಗಡಣೆ ಘಟಕ, ಕೋಲ್ಡ್ ಸ್ಟೋರೇಜ್‌ನಂಥ ಕೊಯ್ಲಿನ ನಂತರದ ಕೆಲಸಗಳಿಗೆ ಬ್ಯಾಂಕ್ ಸಾಲ ಕೊಡಿಸುತ್ತದೆ. ₹2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ, ಹೆಚ್ಚೆಂದರೆ ಏಳು ವರ್ಷ. ಸಹಕಾರಿ ಸಂಘಗಳೂ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಬರೀ ಯಂತ್ರದ ಕೊಟೇಶನ್ ಲಗತ್ತಿಸಬೇಡಿ. ಗೋದಾಮಿಗೆ ಅದರಿಂದ ಆಗುವ ಉಪಯೋಗ ಬರೆದು ಕೊಡಿ, ಬ್ಯಾಂಕಿನವರಿಗೂ ಅರ್ಥ ಆಗುತ್ತದೆ.

ನಾವು ಸಣ್ಣವರು. ನಾಲ್ಕು ಜನ ಸೇರಿ ಒಂದು ಯಂತ್ರ ತಗೊಳ್ಳಬಹುದಾ?

ಧಾರಾಳವಾಗಿ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಒಟ್ಟಿಗೆ ಸೇರಿ ಮಾರುವುದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಂಗಡಣೆ ಯಂತ್ರದಂಥ ದುಬಾರಿ ವಸ್ತು ಒಬ್ಬೊಬ್ಬರ ಅಂಗಳದಲ್ಲಿ ಅರ್ಧ ವರ್ಷ ಮುಚ್ಚಿಟ್ಟಿರುವುದಕ್ಕಿಂತ ಸಂಘದಲ್ಲಿ ದಿನಾ ಓಡಲಿ. ಸರದಿ ಯಾರದು, ಕೆಟ್ಟರೆ ಖರ್ಚು ಯಾರದು ಅನ್ನುವುದನ್ನು ಕೊಳ್ಳುವ ಮೊದಲೇ ಬರೆದಿಡಿ. ಕೆಲವು ಕಂಪನಿಗಳು ರೋಬೋವನ್ನು ತಿಂಗಳ ಬಾಡಿಗೆಗೂ ಕೊಡುತ್ತವೆ, ಆದರೆ ಸುಗ್ಗಿಯ ನಾಲ್ಕೈದು ತಿಂಗಳಿಗೆ ಮಾತ್ರ ಕೊಡುವವರನ್ನು ಹುಡುಕಬೇಕು.

## ನಮ್ಮ ನೆಲ, ನಮ್ಮ ಮಳೆ

ನಮ್ಮ ಗೋದಾಮಿನ ನೆಲ ಅಜ್ಜನ ಕಾಲದ್ದು. ಅದರ ಮೇಲೆ ರೋಬೋ ಓಡ್ತದಾ?

ತುಂಬಾ ಜನ ಯಂತ್ರದ ಬಗ್ಗೆ ನೂರು ಕೇಳುತ್ತಾರೆ, ನೆಲದ ಬಗ್ಗೆ ಕೇಳುವವರು ಕಮ್ಮಿ. ಕೇಳಿದ್ದಕ್ಕೆ ಖುಷಿಯಾಯಿತು.

ರೋಬೋ ಗಾಡಿಯ ಚಕ್ರ ಸಣ್ಣದು, ಗಟ್ಟಿಯದು. ನಮ್ಮ ಕಾಲು ಗಮನಿಸದೇ ದಾಟುವ ಅರ್ಧ ಇಂಚಿನ ಅಂಚು ಅದಕ್ಕೆ ಗೋಡೆ. ಗಾರೆ ಎದ್ದ ಜಾಗ, ಎರಡು ಕೋಣೆ ಸೇರುವಲ್ಲಿಯ ಹೊಸಿಲು, ನೀರು ಹೋಗಲಿ ಅಂತ ಬಿಟ್ಟ ಇಳಿಜಾರು, ತೆರೆದ ಕಾಲುವೆಯ ಮೇಲಿನ ಕಬ್ಬಿಣದ ಜಾಲರಿ ಎಲ್ಲವೂ ತೊಂದರೆಯೇ. ಗಾರೆಯವರ ಹತ್ತಿರ ಇರುವ ಉದ್ದ ಅಲ್ಯೂಮಿನಿಯಂ ಪಟ್ಟಿ ತಂದು ನೆಲದ ಮೇಲೆ ಅಲ್ಲಲ್ಲಿ ಮಲಗಿಸಿ ನೋಡಿ. ಪಟ್ಟಿಯ ಅಡಿಯಲ್ಲಿ ಬೆಳಕು ಕಾಣುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಯಂತ್ರ ಮಾರುವವರು ಬಂದಾಗ ಆ ಗುರುತುಗಳ ಮೇಲೇ ಅವರ ಗಾಡಿ ಓಡಿಸಿ ತೋರಿಸಲು ಹೇಳಿ, ಖಾಲಿ ಗಾಡಿ ಅಲ್ಲ, ಪೂರ್ತಿ ಹೊರೆ ಹೇರಿ.

ಇನ್ನೊಂದು, ಮಳೆಗಾಲದ ಬೆವರು. ಜೂನ್ ದಾಟಿದ ಮೇಲೆ ಕರಾವಳಿಯ ಗೋದಾಮಿನ ನೆಲ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಮಿನುಗುತ್ತದೆ. ಅಂಟಿಸಿದ ಕ್ಯೂಆರ್ ಚೀಟಿ ಅದರ ಮೇಲೆ ನಿಲ್ಲುವುದಿಲ್ಲ. ಚಕ್ರ ಜಾರಿದರೆ ಗಾಡಿ ತಾನು ಎಷ್ಟು ದೂರ ಬಂದೆ ಅನ್ನುವ ಲೆಕ್ಕವೂ ತಪ್ಪುತ್ತದೆ. ನೆಲ ಸರಿಮಾಡುವ ಖರ್ಚು ಯಂತ್ರದ ಕೊಟೇಶನ್ನಿನಲ್ಲಿ ಇರುವುದಿಲ್ಲ. ಅದನ್ನು ನೀವೇ ಸೇರಿಸಿ ಲೆಕ್ಕ ಹಾಕಬೇಕು.

ಮಳೆಗಾಲದಲ್ಲಿ ಕರೆಂಟೇ ಇರೋದಿಲ್ಲ. ಆಗ?

ಹೆಸ್ಕಾಂ ಲೈನಿನ ಮೇಲೆ ಮರ ಬಿದ್ದರೆ ಘಟ್ಟದ ಮೇಲಿನ ಊರುಗಳು ಎಷ್ಟು ಹೊತ್ತು ಕತ್ತಲಲ್ಲಿರುತ್ತವೆ ಅಂತ ನಿಮಗೇ ಗೊತ್ತು. ಗಾಡಿಗೆ ಬ್ಯಾಟರಿ ಇರುತ್ತದೆ, ಅದು ಓಡುತ್ತದೆ. ನಿಲ್ಲುವುದು ವೈಫೈ ಮತ್ತು ಸರ್ವರ್. ಅವೆರಡಕ್ಕೂ ಯುಪಿಎಸ್ ಹಾಕಿ. ಸಾಫ್ಟ್‌ವೇರ್ ಇಂಟರ್ನೆಟ್ ಇಲ್ಲದಾಗಲೂ ಗೋದಾಮಿನ ಒಳಗೇ ಕೆಲಸ ಮಾಡಿ, ಲೈನ್ ಬಂದ ಮೇಲೆ ಲೆಕ್ಕ ಸರಿಹೊಂದಿಸಿಕೊಳ್ಳಬೇಕು. ಇದು ಆಗುವುದಿಲ್ಲ ಅಂದರೆ ಆ ಸಾಫ್ಟ್‌ವೇರ್ ನಮ್ಮ ಜಿಲ್ಲೆಗೆ ಬೇಡ. ಸಿಡಿಲಿನ ರಕ್ಷಣೆ, ಸರಿಯಾದ ಅರ್ಥಿಂಗ್ ಮೊದಲ ದಿನವೇ ಆಗಬೇಕು.

ಕಾರವಾರದಲ್ಲಿ ಗೇಟೇ ತುಕ್ಕು ಹಿಡೀತದೆ, ಮಷೀನ್ ಉಳೀತದಾ?

ಉಳಿಯುತ್ತದೆ, ಸರಿಯಾದದ್ದು ಕೇಳಿ ತಗೊಂಡರೆ. ಐಪಿ54, ಐಪಿ67 ಅಂತ ಬ್ರೋಷರಿನಲ್ಲಿ ಬರೆದಿರುತ್ತಾರೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಉಪ್ಪುಗಾಳಿಗೆ ಏನಾಗುತ್ತದೆ ಅನ್ನುವುದನ್ನು ಆ ಅಂಕಿ ಹೇಳುವುದೇ ಇಲ್ಲ. ಹಾಗಾಗಿ ಬೇರೆಯಾಗಿ ಕೇಳಿ: ಸರ್ಕ್ಯೂಟ್ ಬೋರ್ಡಿಗೆ ರಕ್ಷಣೆಯ ಲೇಪನ ಇದೆಯಾ? ಬೋಲ್ಟುಗಳು 304 ಸ್ಟೀಲಿನದ್ದಾ, 316ರದ್ದಾ? ಉಪ್ಪಿಗೆ 316 ಹೆಚ್ಚು ತಡೆಯುತ್ತದೆ. ಚಾರ್ಜಿಂಗ್ ಆಗುವ ಜಾಗದ ತಾಮ್ರದ ಪಟ್ಟಿಗಳನ್ನು ವಾರಕ್ಕೊಮ್ಮೆ ಒರೆಸುವವರು ಯಾರು ಅಂತಲೂ ಹೆಸರು ಹಿಡಿದು ಗೊತ್ತುಮಾಡಿ.

ಅಡಿಕೆಗೆ ಹುಳ ಬಾರದ ಹಾಗೆ ಮಾತ್ರೆ ಇಡ್ತೇವೆ. ಅದರಿಂದ ಮಷೀನಿಗೆ ಎಂತಾದ್ರೂ ಆಗ್ತದಾ?

ಆಗುತ್ತದೆ. ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಹುಳ ಸಾಯುವುದು ಅದರಿಂದ. ಅದೇ ಅನಿಲ ತಾಮ್ರವನ್ನು ತಿನ್ನುತ್ತದೆ, ತೇವ ಇದ್ದಷ್ಟೂ ಬೇಗ. ವೈರಿನ ತುದಿ, ಸೆನ್ಸರಿನ ಬೋರ್ಡು, ಮೋಟಾರಿನ ಸುರುಳಿ ಎಲ್ಲದರಲ್ಲೂ ತಾಮ್ರವೇ. ಮೇಲಿನಿಂದ ನೋಡಿದರೆ ಯಂತ್ರ ಹೊಸದರ ಹಾಗೇ ಇರುತ್ತದೆ. ಕೆಲವು ತಿಂಗಳ ಮೇಲೆ ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮಾತ್ರೆ ಇಡುವ ಮೊದಲು ರೋಬೋ, ಸ್ಕ್ಯಾನರ್, ಕಂಪ್ಯೂಟರ್, ಎಲೆಕ್ಟ್ರಾನಿಕ್ ಕಾಟಾ ಎಲ್ಲವನ್ನೂ ಆ ಕೋಣೆಯಿಂದ ಹೊರಗೆ ತನ್ನಿ. ತೆಗೆಯಲಾಗದ ಬೆಲ್ಟ್, ಪ್ಯಾನೆಲ್ ಇದ್ದರೆ ಇಡೀ ಕೋಣೆಗೆ ಬದಲು ಥಪ್ಪಿಗೆ ಮಾತ್ರ ಗಾಳಿಯಾಡದ ಹೊದಿಕೆ ಹಾಕಿ ಮಾಡುವ ಪದ್ಧತಿ ಇದೆ, ಅದನ್ನೇ ಕೇಳಿ. ಈ ಕೆಲಸ ಪರವಾನಗಿ ಇರುವವರೇ ಮಾಡಬೇಕು. ಮನುಷ್ಯರಿಗೆ ಇದು ಪ್ರಾಣ ತೆಗೆಯುವ ವಿಷ, ಯಂತ್ರದ ಮಾತು ಆಮೇಲಿನದು. ಯಂತ್ರ ಮಾರುವವರಿಗೂ ಮೊದಲೇ ತಿಳಿಸಿ. ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ವಾರಂಟಿ ಜಗಳ ಹುಟ್ಟುವುದೇ ಇಲ್ಲಿ.

ಮೀನಿನ ಕೋಲ್ಡ್ ಸ್ಟೋರೇಜಿಗೆ ರೋಬೋ ಆಗ್ತದಾ?

ಜನ ನಿಲ್ಲಲಾಗದ ಚಳಿಯಲ್ಲಿ ಯಂತ್ರ ನಿಲ್ಲುವುದು ಒಳ್ಳೆಯದೇ. ಮೈನಸ್ 18 ಡಿಗ್ರಿಯಲ್ಲಿ ಮನುಷ್ಯರು ದಿನವಿಡೀ ಪೆಟ್ಟಿಗೆ ಎತ್ತುವುದು ಕಷ್ಟದ ಬದುಕು. ಆದರೆ ಎರಡು ವಿಷಯ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಚಾರ್ಜಿಂಗ್ ಜಾಗ ಹೊರಗಿರಬೇಕು, ಇಲ್ಲ ಬ್ಯಾಟರಿಗೆ ಹೀಟರ್ ಇರಬೇಕು. ಎರಡನೆಯದು, ತಣ್ಣಗಿನ ಗಾಡಿ ಕಾರವಾರದ ಸೆಕೆಗೆ ಬಂದ ಕೂಡಲೇ ಅದರ ಕಣ್ಣಿನ ಮೇಲೆ ಹನಿ ಕಟ್ಟುತ್ತದೆ. ಲೇಸರ್ ಸೆನ್ಸರ್ ಮಂಕಾಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಒಳಗೆ ಓಡುವ ಗಾಡಿ ಒಳಗೇ ಇರಲಿ, ಹೊರಗಿನ ಗಾಡಿ ಹೊರಗೆ. ಬಾಗಿಲಲ್ಲಿ ಮಾಲು ಕೈ ಬದಲಾಗಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ದೊಡ್ಡ ಸರ್ವೀಸು, ಬೇರಿಂಗ್ ಬದಲಿ, ತರಬೇತಿ ಎಲ್ಲಕ್ಕೂ ಆ ಎರಡು ತಿಂಗಳು ಹೇಳಿ ಮಾಡಿಸಿದ ಹಾಗಿದೆ.

## ಜನರ ಪ್ರಶ್ನೆಗಳು

ಹಮಾಲರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಇದು?

ಈ ಪ್ರಶ್ನೆ ಕೇಳದೇ ಯಂತ್ರ ತರುವವರನ್ನು ಕಂಡರೆ ನನಗೆ ಬೇಸರ.

ಮೊದಲು ಈಗ ಇರುವ ಸ್ಥಿತಿ ನೋಡೋಣ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಂದು ಶಿಫಾರಸು ಮಾಡಿದೆ: ವಯಸ್ಕ ಗಂಡಸು ಕೈಯಿಂದ ಸಾಗಿಸುವ ಹೊರೆ 55 ಕೆ.ಜಿ. ದಾಟಬಾರದು. ನಮ್ಮ ಮಾರುಕಟ್ಟೆಯಲ್ಲಿ ಅದಕ್ಕಿಂತ ಭಾರದ ಚೀಲ ಈಗಲೂ ಬೆನ್ನ ಮೇಲೆ ಹೋಗುತ್ತಿದೆ. ಐವತ್ತು ದಾಟಿದ ಹಮಾಲರನ್ನು ಮಾತಾಡಿಸಿ. ಮಂಡಿ, ಸೊಂಟ, ಕುತ್ತಿಗೆ ಅಂತ ಒಂದಲ್ಲ ಒಂದು ನೋವು ಹೇಳುತ್ತಾರೆ. ಮಗ ಈ ಕೆಲಸಕ್ಕೆ ಬರಲಿ ಅಂತ ಬಯಸುವವರನ್ನು ನಾನು ಕಂಡಿಲ್ಲ. ಸುಗ್ಗಿಯಲ್ಲಿ ಜನ ಸಿಗುವುದಿಲ್ಲ ಅಂತ ಮಾಲೀಕರು ಹೇಳುವುದೂ ಇದೇ ಕಾರಣಕ್ಕೆ.

ಹಾಗಂತ ಯಂತ್ರ ತಂದು ಜನರನ್ನು ಮನೆಗೆ ಕಳಿಸಿದರೆ ಅದು ತಪ್ಪು. ನಾನು ಹೇಳುವುದು ಇಷ್ಟು. ಬೆಲ್ಟ್ ಬರುವ ಮೊದಲೇ ಹಮಾಲರ ಮುಖಂಡರನ್ನು ಕೂರಿಸಿ ಮಾತಾಡಿ. ಕೂಲಿ ಚೀಲದ ಲೆಕ್ಕದಲ್ಲಿದ್ದರೆ ಆ ದರ ಇಳಿಸಬೇಡಿ. ಬೆಲ್ಟ್ ಇದ್ದಾಗ ಅದೇ ಜನ ಅದೇ ಹೊತ್ತಿನಲ್ಲಿ ಜಾಸ್ತಿ ಚೀಲ ಮುಟ್ಟಿಸುತ್ತಾರೆ, ಅವರ ಗಳಿಕೆಯೂ ಏರಲಿ. ಬೆಲ್ಟ್ ನಡೆಸುವುದು, ಸ್ಟ್ಯಾಕರ್ ಓಡಿಸುವುದು, ಲೇಬಲ್ ಹೊಲಿಯುವುದು ಅವರಿಗೇ ಕಲಿಸಿ. ಯಾವ ಚೀಲ ಥಪ್ಪಿಯ ಯಾವ ಸಾಲಿಗೆ ಕೂರುತ್ತದೆ, ಯಾವುದು ಜಾರುತ್ತದೆ ಅನ್ನುವುದು ಅವರ ಕೈಗೆ ಗೊತ್ತು. ಹೊರಗಿನಿಂದ ಬಂದ ಆಪರೇಟರಿಗೆ ಅದು ಬರಲು ವರ್ಷ ಬೇಕು.

ಹೊರೆ ಇಳಿಸುವ ಯಂತ್ರವನ್ನು ಹಮಾಲರು ವಿರೋಧಿಸುವುದು ಕಮ್ಮಿ. ತಮ್ಮನ್ನು ಕೇಳದೆ ತಂದದ್ದನ್ನು ವಿರೋಧಿಸುತ್ತಾರೆ.

ನನಗೆ ಇಂಗ್ಲಿಷ್ ಬರೋದಿಲ್ಲ. ಆ ಸ್ಕ್ಯಾನರ್ ಎಲ್ಲ ನನ್ನ ಕೈಲಿ ಆಗ್ತದಾ ಸಾರ್?

ಖಂಡಿತ ಆಗುತ್ತದೆ. ಫೋನಿನಲ್ಲಿ ದುಡ್ಡು ಕಳಿಸುವಾಗ ಕ್ಯೂಆರ್ ಹಿಡಿಯುತ್ತೀರಲ್ಲ, ಇದೂ ಅದೇ ಕೆಲಸ. ಪರದೆ ಕನ್ನಡದಲ್ಲಿ ಇರಬೇಕು, ಸರಿಯಾದರೆ ಹಸಿರು, ತಪ್ಪಾದರೆ ಕೆಂಪು, ಜೊತೆಗೆ ಬೇರೆ ಬೇರೆ ಸದ್ದು. ಅದನ್ನು ಮಾಡಿಕೊಡುವುದು ಮಾರುವವರ ಹೊಣೆ, ನಿಮ್ಮ ಕೊರತೆ ಅಲ್ಲ.

ಓಡಾಡುವಾಗ ಯಾರಿಗಾದ್ರೂ ಡಿಕ್ಕಿ ಹೊಡೆದ್ರೆ?

ಡ್ರೈವರ್ ಇಲ್ಲದ ಗಾಡಿಗಳ ಸುರಕ್ಷತೆಗೆ ಐಎಸ್‌ಒ 3691-4 ಅನ್ನುವ ಮಾನದಂಡ ಇದೆ. ಅದರಂತೆ ಇದೆಯಾ ಅಂತ ಕಾಗದದಲ್ಲಿ ಕೇಳಿ ಪಡೆಯಿರಿ. ಒಳ್ಳೆಯ ಗಾಡಿ ಎದುರಿಗೆ ಜನ ಬಂದರೆ ನಿಧಾನ ಮಾಡುತ್ತದೆ, ಆಮೇಲೆ ನಿಲ್ಲುತ್ತದೆ. ಆದರೆ ಸೆನ್ಸರ್ ನೋಡುವುದು ಸಾಮಾನ್ಯವಾಗಿ ಮೊಣಕಾಲಿನ ಕೆಳಗಿನ ಎತ್ತರದಲ್ಲಿ. ಬೆನ್ನ ಮೇಲಿನ ಚೀಲ, ಲಾರಿಯಿಂದ ಚಾಚಿದ ಹಲಗೆ ಅದಕ್ಕೆ ಕಾಣದೇ ಹೋಗಬಹುದು. ಗಾಡಿಯ ದಾರಿ ಮತ್ತು ಜನರ ದಾರಿ ಬೇರೆ ಬೇರೆ ಬಣ್ಣದಲ್ಲಿ ಬಳಿದಿಡಿ. ಬೆಲ್ಟಿನ ಪಕ್ಕ ಲುಂಗಿ, ಹೆಗಲ ಮೇಲಿನ ಟವೆಲ್ ಅಪಾಯ. ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಬೆಲ್ಟಿನ ಉದ್ದಕ್ಕೂ ಇರಬೇಕು, ತುದಿಯಲ್ಲಿ ಮಾತ್ರ ಅಲ್ಲ.

## ಸ್ವಲ್ಪ ಆಳಕ್ಕೆ

ಕ್ಯಾಮೆರಾ ಮಷೀನ್ ಅಡಿಕೆ ವಿಂಗಡಿಸ್ತದೆ ಅಂತಾರೆ. ನಂಬಬಹುದಾ?

ಕಣ್ಣಿಗೆ ಕಾಣುವುದರಲ್ಲಿ ನಂಬಬಹುದು. ಬಣ್ಣ, ಮೇಲ್ಮೈಯ ಕಲೆ, ಒಡಕು, ಗಾತ್ರ ಇವನ್ನು ಯಂತ್ರ ದಣಿಯದೇ ನೋಡುತ್ತದೆ. ಅಡಿಕೆ ಬೆಲ್ಟಿನಿಂದ ಬೀಳುವಾಗ ಕ್ಯಾಮೆರಾ ನೋಡಿ, ಬೇಡದ್ದನ್ನು ಗಾಳಿಯ ಸಣ್ಣ ಹೊಡೆತ ಪಕ್ಕಕ್ಕೆ ತಳ್ಳುತ್ತದೆ. ಆದರೆ ಒಳಗಿನ ತಿರುಳು ಕಪ್ಪಾಗಿದೆಯಾ, ಟೊಳ್ಳಾ ಅನ್ನುವುದು ಸಾಮಾನ್ಯ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದಕ್ಕೆ ಇವತ್ತಿಗೂ ಒಡೆದು ನೋಡುವ ಅನುಭವಿಗಳೇ ಬೇಕು.

‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಈ ನೆಲದ ಅಡಿಕೆಯ ಬಣ್ಣ ಬೇರೆ, ಬೇರೆ ಕಡೆಯದ್ದರ ಬಣ್ಣ ಬೇರೆ. ಬೇರೆ ಊರಿನ ಮಾದರಿ ತೋರಿಸಿ ಕಲಿಸಿದ ಯಂತ್ರ ಇಲ್ಲಿಯ ಒಳ್ಳೆಯ ಚಾಲಿಯನ್ನೇ ತಳ್ಳಬಹುದು. ಪರೀಕ್ಷೆಗೆ ಒಂದು ದಾರಿ ಇದೆ. ನಿಮ್ಮ ನುರಿತ ಇಬ್ಬರು ವಿಂಗಡಿಸಿದ ಒಂದೇ ಲಾಟನ್ನು ಮತ್ತೆ ಬೆರೆಸಿ ಯಂತ್ರಕ್ಕೆ ಹಾಕಿ. ಆ ಇಬ್ಬರ ನಡುವೆ ಎಷ್ಟು ವ್ಯತ್ಯಾಸ ಬಂತು, ಯಂತ್ರಕ್ಕೂ ಅವರಿಗೂ ಎಷ್ಟು ಅಂತ ಹೋಲಿಸಿ. ಮನುಷ್ಯರ ನಡುವಿನ ವ್ಯತ್ಯಾಸಕ್ಕಿಂತ ಯಂತ್ರದ್ದು ಕಮ್ಮಿ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಬಾರ್‌ಕೋಡ್, ಕ್ಯೂಆರ್, ಆರ್‌ಎಫ್‌ಐಡಿ. ಯಾವುದು ಹಾಕೋದು?

ನಮ್ಮ ಕಡೆಗೆ ಕ್ಯೂಆರ್. 1994ರಲ್ಲಿ ಜಪಾನಿನ ಡೆನ್ಸೋ ವೇವ್‌ನವರು ಕಾರಿನ ಬಿಡಿಭಾಗ ಗುರುತಿಸಲು ಮಾಡಿದ್ದು ಇದು. ಹಾಳಾದದ್ದನ್ನು ಸರಿಪಡಿಸಿಕೊಂಡು ಓದುವ ಅತಿ ಹೆಚ್ಚಿನ ಮಟ್ಟದಲ್ಲಿ ಮುದ್ರಿಸಿದರೆ ಶೇ. 30ರವರೆಗೆ ಹರಿದು ಮಾಸಿದರೂ ಓದಲು ಬರುತ್ತದೆ. ಅಡಿಕೆಯ ಧೂಳಿಗೆ ಇದು ಸರಿ. ಆರ್‌ಎಫ್‌ಐಡಿ ಅಂದರೆ ರೇಡಿಯೋ ಅಲೆಯಿಂದ ಓದುವ ಚೀಟಿ. ಅದನ್ನು ದೂರದಿಂದಲೇ ಓದಬಹುದು, ಆದರೆ ಅದರ ಅಲೆಯನ್ನು ನೀರು ಹೀರುತ್ತದೆ, ಲೋಹ ತಿರುಗಿಸುತ್ತದೆ. ಐಸು, ಮೀನು, ತೇವದ ಮಾಲು ಇರುವಲ್ಲಿ ಎಡವುತ್ತದೆ.

ಗೋಣಿಚೀಲದ ಮೇಲೆ ಸ್ಟಿಕರ್ ನಿಲ್ಲುವುದಿಲ್ಲ. ನಾರು ಎದ್ದು ಎರಡೇ ದಿನಕ್ಕೆ ಉದುರುತ್ತದೆ. ಹರಿಯದ ಪ್ಲಾಸ್ಟಿಕ್ ಚೀಟಿಯಲ್ಲಿ ಮುದ್ರಿಸಿ, ಚೀಲದ ಬಾಯಿ ಹೊಲಿಯುವಾಗಲೇ ಅದೇ ದಾರದಲ್ಲಿ ಸೇರಿಸಿ ಹೊಲಿಯಿರಿ. ಥಪ್ಪಿ ಹಚ್ಚುವಾಗ ಬಾಯಿ ಹೊರಮುಖ ಇರಲಿ. ಇಷ್ಟು ಮಾಡಿದರೆ ಚೀಲ ಅಲುಗಿಸದೇ ಸ್ಟಾಕ್ ಎಣಿಸಬಹುದು.

ಕೊಟೇಶನ್ ಬಂದಿದೆ. ಸಹಿ ಹಾಕೋ ಮೊದಲು ಎಂತ ಕೇಳಬೇಕು?

ಸರ್ವೀಸ್ ಇಂಜಿನಿಯರ್ ಎಲ್ಲಿರುತ್ತಾರೆ? ಹುಬ್ಬಳ್ಳಿಯಲ್ಲಿದ್ದರೆ ಅದೇ ದಿನ ಬರಬಹುದು, ಪುಣೆಯಲ್ಲಿದ್ದರೆ ಲೆಕ್ಕ ಬೇರೆ. ಯಾವ ಯಾವ ಬಿಡಿಭಾಗ ನಿಮ್ಮ ಗೋದಾಮಿನಲ್ಲೇ ಇಟ್ಟಿರುತ್ತಾರೆ? ಕಂಪನಿ ಮುಚ್ಚಿದರೆ ಸಾಫ್ಟ್‌ವೇರ್ ನಡೆಯುತ್ತದಾ, ನಿಮ್ಮ ಸ್ಟಾಕಿನ ಲೆಕ್ಕವನ್ನು ಸಾಮಾನ್ಯ ಎಕ್ಸೆಲ್ ಫೈಲಿನಲ್ಲಿ ತೆಗೆದುಕೊಳ್ಳಲು ಬರುತ್ತದಾ? ನೀವು ಈಗ ಬಳಸುವ ಅಕೌಂಟ್ಸ್ ಸಾಫ್ಟ್‌ವೇರ್ ಜೊತೆ ಮಾತಾಡುತ್ತದಾ? ಎಲ್ಲ ಬರವಣಿಗೆಯಲ್ಲಿ ಬೇಕು.

ಕೊನೆಯ ಕಂತಿನ ದುಡ್ಡನ್ನು ಜುಲೈ ತಿಂಗಳ ಪರೀಕ್ಷೆಗೆ ಕಟ್ಟಿಹಾಕಿ. ಫೆಬ್ರವರಿಯ ಬಿಸಿಲಲ್ಲಿ ಚಂದ ಓಡಿದ ಯಂತ್ರ ಜಡಿಮಳೆಯಲ್ಲೂ ಓಡಿ ತೋರಿಸಲಿ.

ರಸ್ತೆಯೇ ಮುಚ್ಚಿದ್ರೆ ಗೋದಾಮು ಎಷ್ಟು ಚುರುಕಾಗಿದ್ರೆ ಎಂತ ಬಂತು?

ಸರಿಯಾದ ಮಾತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ಬಂದಾಯಿತು. ಅದಾದ ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ದೇವಿಮನೆ ಘಟ್ಟ, ಅರಬೈಲು ಘಟ್ಟ ಮಳೆಗಾಲದಲ್ಲಿ ಯಾವಾಗ ಕೈಕೊಡುತ್ತವೆ ಅಂತ ಹೇಳಲಾಗುವುದಿಲ್ಲ. ಇದನ್ನು ಯಾವ ರೋಬೋವೂ ಸರಿಮಾಡುವುದಿಲ್ಲ.

ಆದರೆ ಲೆಕ್ಕ ಚೊಕ್ಕ ಇದ್ದ ಗೋದಾಮು ಇಂಥ ದಿನ ಉಳಿದವರಿಗಿಂತ ಬೇಗ ಎದ್ದು ನಿಲ್ಲುತ್ತದೆ. ಘಟ್ಟದ ಕೆಳಗೆ ಏನಿದೆ, ಮೇಲೆ ಏನಿದೆ, ಯಾವ ಲಾರಿಯಲ್ಲಿ ಬೇಗ ಕೆಡುವ ಮಾಲಿದೆ ಅಂತ ಒಂದೇ ಪರದೆಯಲ್ಲಿ ಕಂಡರೆ, ಯಾವುದನ್ನು ಯಲ್ಲಾಪುರದ ಮೇಲೆ ತಿರುಗಿಸಬೇಕು, ಯಾವುದನ್ನು ತಡೆಹಿಡಿಯಬೇಕು ಅಂತ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಬಹುದು. ಲಾರಿಯನ್ನೇ ರೈಲಿಗೆ ಹತ್ತಿಸಿ ಸಾಗಿಸುವ ರೋರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲೇ ಶುರುಮಾಡಿದೆ, ಕರಾವಳಿಯವರು ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಮಳೆಗಾಲಕ್ಕೆ ಮಾಲು ಕಮ್ಮಿ ಇಟ್ಟುಕೊಳ್ಳಿ, ಬೇಕಾದಾಗ ತರಿಸಿ ಅನ್ನುವ ನಗರದ ಸಲಹೆ ನಮಗಲ್ಲ. ಜೂನ್‌ಗೆ ಮೊದಲೇ ಗೊಬ್ಬರ, ಪಶು ಆಹಾರ, ಅಕ್ಕಿ ಘಟ್ಟ ಇಳಿದಿರಬೇಕು, ಹತ್ತಿರಬೇಕು.

ನಾನು ಇಂಜಿನಿಯರಿಂಗ್ ಕೊನೇ ವರ್ಷ. ಊರಲ್ಲೇ ಇದ್ದು ಈ ಕೆಲಸ ಮಾಡಬಹುದಾ?

ಮಾಡಬಹುದು, ಮತ್ತು ಮಾಡುವವರು ಬೇಕಾಗಿದ್ದಾರೆ. ಹೊಸ ರೋಬೋ ಕಂಡುಹಿಡಿಯಬೇಕಾಗಿಲ್ಲ. ಇರುವ ಯಂತ್ರವನ್ನು ನಮ್ಮ ನೆಲಕ್ಕೆ, ನಮ್ಮ ಮಳೆಗೆ ಹೊಂದಿಸಿ, ಕೆಟ್ಟಾಗ ಅದೇ ದಿನ ಬಂದು ನೋಡುವವರು ಇಲ್ಲಿ ಕಮ್ಮಿ. ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಅದನ್ನು ಕಲಿಯಿರಿ, ಮೋಟಾರ್ ಡ್ರೈವ್ ಬಿಚ್ಚಿ ಜೋಡಿಸಲು ಕಲಿಯಿರಿ, ರೋಬೋ ಸಾಫ್ಟ್‌ವೇರಿಗೆ ಆರ್‌ಒಎಸ್ ಅನ್ನುವುದು ಪುಕ್ಕಟೆ ಸಿಗುತ್ತದೆ. ಐಟಿಐ ಮಾಡಿದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಜೊತೆಗೆ ಸೇರಿಸಿಕೊಳ್ಳಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಹತ್ತಿರದ ಸೊಸೈಟಿಗೆ ಹೋಗಿ ಕಾರ್ಯದರ್ಶಿಯವರ ಅನುಮತಿ ಕೇಳಿ, ಕಾಟಾದಿಂದ ಕಂಪ್ಯೂಟರಿಗೆ ತೂಕ ಹೋಗುವ ವ್ಯವಸ್ಥೆ ಮಾಡಿಕೊಡಿ. ಹೆಚ್ಚಿನ ಎಲೆಕ್ಟ್ರಾನಿಕ್ ಕಾಟಾಗಳ ಡಿಸ್‌ಪ್ಲೇಯ ಹಿಂದೆ ಅದಕ್ಕೆ ಬೇಕಾದ ಪೋರ್ಟ್ ಮೊದಲೇ ಇರುತ್ತದೆ.